ಬೀಗವಿರುವ ಪಾಲನಾ ಕೇಂದ್ರದಲ್ಲಿ ಡಿಬಿಟಿ: ಬೌದ್ಧಿಕ ಅಂಗವೈಕಲ್ಯವುಳ್ಳವರಿಗೆ ಹೊಂದಿಸುವುದು ಹೇಗೆ?

ಪ್ರಶ್ನೆ | ಮನಶ್ಶಾಸ್ತ್ರಜ್ಞೆ, ಮಡಿಕೇರಿ

ಕೊಡಗಿನಲ್ಲಿ ಸದಾ ಕಾವಲಿರುವ, ಒಳಗಿದ್ದವರು ಅನುಮತಿಯಿಲ್ಲದೆ ಹೊರಗೆ ಹೋಗಲಾಗದ ಪಾಲನಾ ಕೇಂದ್ರವೊಂದಕ್ಕೆ ನಾನು ವಾರಕ್ಕೊಮ್ಮೆ ಹೋಗುತ್ತೇನೆ. ಅಲ್ಲಿರುವ ಯುವಕರಲ್ಲಿ ಕೆಲವರಿಗೆ ಸೌಮ್ಯ ಪ್ರಮಾಣದ ಬೌದ್ಧಿಕ ಅಂಗವೈಕಲ್ಯವಿದೆ. ಸಿಟ್ಟು ಏರಿದಾಗ ಅವರು ಕೈ ಕಚ್ಚಿಕೊಳ್ಳುತ್ತಾರೆ, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಾರೆ, ಕೆಲವೊಮ್ಮೆ ಪಕ್ಕದವರ ಮೇಲೆ ಕೈ ಮಾಡುತ್ತಾರೆ. ತೀವ್ರ ಭಾವನೆಗಳನ್ನು ನಿಭಾಯಿಸುವ ಕೌಶಲಗಳನ್ನು ಕಲಿಸುವ ಮನೋಚಿಕಿತ್ಸೆಯಾದ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ, ಅಂದರೆ ಡಿಬಿಟಿ, ಇವರಿಗೆ ಒದಗೀತೆಂಬ ನಂಬಿಕೆ ನನಗಿದೆ. ಆದರೆ ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹನ್ ಅದನ್ನು ರೂಪಿಸಿದ್ದು ಪದೇಪದೇ ಆತ್ಮಹತ್ಯೆಗೆ ಯತ್ನಿಸುವ ಹೊರರೋಗಿಗಳಿಗಾಗಿ. 1993ರಲ್ಲಿ ಬಂದ ಕೈಪಿಡಿಯ ಅಭ್ಯಾಸದ ಹಾಳೆಗಳು ಸಲೀಸಾಗಿ ಓದಿ ಬರೆಯಬಲ್ಲವರಿಗೆ ಹೇಳಿಮಾಡಿಸಿದಂತಿವೆ. ಇದರಲ್ಲಿ ಏನನ್ನು ಸರಳಗೊಳಿಸಬಹುದು, ಯಾವುದನ್ನು ಮುಟ್ಟಬಾರದು? ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ | ಶುಶ್ರೂಷಕ, ವಿರಾಜಪೇಟೆ

ಇಂಗ್ಲೆಂಡಿನಲ್ಲಿ ಇಂಥವರಿಗಾಗಿಯೇ ಭದ್ರತಾ ವಾರ್ಡುಗಳಿವೆ. ನಾಟಿಂಗ್‌ಹ್ಯಾಮ್‌ಶೈರ್‌ನ ರ‍್ಯಾಂಪ್ಟನ್ ಆಸ್ಪತ್ರೆಯಲ್ಲಿ ಅತಿ ಹೆಚ್ಚಿನ ಭದ್ರತೆಯ ವಿಭಾಗವಿದೆ. ನಾನು ಕೆಲಸ ಮಾಡಿದ್ದು ಆ ದೇಶದ ಬೇರೊಂದು ಊರಿನ ಮಧ್ಯಮ ಭದ್ರತೆಯ ವಾರ್ಡಿನಲ್ಲಿ. ಅಲ್ಲಿ ಕಂಡದ್ದರಿಂದ ಹೇಳುತ್ತೇನೆ: ಹಾಳೆಗಳಿಗಿಂತ ಮೊದಲು ಸಿಬ್ಬಂದಿಯ ಬಗ್ಗೆ ಯೋಚಿಸಿ.

ಮೂಲ ಪದ್ಧತಿಯಲ್ಲಿ ವೈಯಕ್ತಿಕ ಚಿಕಿತ್ಸೆ, ಕೌಶಲ ತರಗತಿ, ಕಷ್ಟ ಬಂದಾಗ ಫೋನಿನಲ್ಲಿ ನೆರವು ಮತ್ತು ಚಿಕಿತ್ಸಕರ ಸಮಾಲೋಚನಾ ತಂಡ ಎಂಬ ನಾಲ್ಕು ಅಂಗಗಳಿವೆ. ಬೀಗದೊಳಗೆ ಫೋನಿನ ಜಾಗವನ್ನು ತುಂಬುವವರು ಆ ಹೊತ್ತಿಗೆ ಪಾಳಿಯಲ್ಲಿರುವ ಸಹಾಯಕರು. ತರಗತಿಯಲ್ಲಿ ನೀವು ಹೇಳಿಕೊಟ್ಟ ಮಾತನ್ನೇ ಅವರೂ ಆಡದಿದ್ದರೆ ಕಲಿತದ್ದು ತರಗತಿಯ ಹೊಸ್ತಿಲು ದಾಟುವುದಿಲ್ಲ. ಹಾಗೆಯೇ, ಗಾಯಮಾಡಿಕೊಂಡವರು ಮುಂದಿನ 24 ಗಂಟೆ ಚಿಕಿತ್ಸಕರಿಗೆ ಫೋನ್ ಮಾಡುವಂತಿಲ್ಲ ಎಂಬ ಮೂಲ ನಿಯಮದ ಉದ್ದೇಶ, ಗಾಯವೇ ಆರೈಕೆ ಪಡೆಯುವ ದಾರಿಯಾಗಬಾರದು ಎಂಬುದು. ವಾರ್ಡಿನಲ್ಲಿ ಅದು ಅಕ್ಷರಶಃ ನಡೆಯುವುದಿಲ್ಲ, ಏಕೆಂದರೆ ಗಾಯಕ್ಕೆ ಮದ್ದು ಹಚ್ಚಲೇಬೇಕು, ಪಕ್ಕದಲ್ಲಿ ಒಬ್ಬರು ಕೂರಲೇಬೇಕು. ಆದ್ದರಿಂದ ನಾವು ಶುಶ್ರೂಷೆಯನ್ನು ಶಾಂತವಾಗಿ, ಹೆಚ್ಚು ಮಾತಿಲ್ಲದೆ ಮುಗಿಸಿ, ಆತ ನೆಮ್ಮದಿಯಿಂದಿರುವ ಹೊತ್ತಿನಲ್ಲಿ ಬೇಕೆಂದೇ ಹೋಗಿ ಮಾತನಾಡಿಸುತ್ತಿದ್ದೆವು.

ಮುಟ್ಟಬಾರದ್ದು ಸರಪಳಿ ವಿಶ್ಲೇಷಣೆ, ಅಂದರೆ ಗಾಯಕ್ಕೋ ಹೊಡೆದಾಟಕ್ಕೋ ಒಯ್ದ ಘಟನೆ, ಭಾವನೆಗಳನ್ನು ಒಂದರ ಹಿಂದೊಂದಾಗಿ ಜೋಡಿಸಿ ನೋಡುವುದು. ಅದರ ರೂಪವನ್ನಷ್ಟೇ ಬದಲಿಸಿ. ಅಮ್ಮನ ಫೋನ್ ಬಾರದ್ದು, ಮತ್ತೆ ಮತ್ತೆ ಗಡಿಯಾರ ನೋಡಿದ್ದು, ಮುಷ್ಟಿ ಬಿಗಿಯಾದದ್ದು, ಬಾಗಿಲಿಗೆ ಒದ್ದದ್ದು, ಹೀಗೆ ಒಂದೊಂದನ್ನೂ ಒಂದೊಂದು ರಟ್ಟಿನ ಮೇಲೆ ಚಿತ್ರವಾಗಿ ಬರೆಸಿ ನೆಲದ ಮೇಲೆ ಸಾಲಾಗಿ ಇಡುತ್ತಿದ್ದೆವು. ಒಬ್ಬಾತ ಆ ಸಾಲಿನ ಪಕ್ಕದಲ್ಲೇ ನಡೆದು, ಮುಷ್ಟಿಯ ಚಿತ್ರದ ಬಳಿ ನಿಂತು, ಇಲ್ಲಿ ತಣ್ಣೀರು ಬೇಕಿತ್ತು ಎಂದ. ಬಾಯಿಮಾತಿನಲ್ಲಿ ಎಷ್ಟು ಕೇಳಿದರೂ ಆ ಉತ್ತರ ಬಂದಿರಲಿಲ್ಲ.

ಉತ್ತರ | ವಿಶೇಷ ಶಿಕ್ಷಕಿ, ಗೋಣಿಕೊಪ್ಪಲು

ತಣ್ಣೀರಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ: ಉದ್ವೇಗ ತಣಿಸಲು ಡಿಬಿಟಿ ಕಲಿಸುವಂತೆ ಮುಖವನ್ನು ತಣ್ಣೀರಿನಲ್ಲಿ ಅದ್ದಿದರೆ ಹೃದಯದ ಬಡಿತ ನಿಧಾನವಾಗುತ್ತದೆ; ಹೃದಯದ ತೊಂದರೆ ಇದೆಯೇ ಎಂದು ವೈದ್ಯರಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ತರಗತಿಯನ್ನು ಮುಕ್ಕಾಲು ಗಂಟೆಗೆ ಇಳಿಸಿ, ಒಂದೇ ಕೌಶಲವನ್ನು ಹಲವು ವಾರ ಆಡಿಸಿ ತೋರಿಸಿ. ಗೊತ್ತಾಯಿತೇ ಎಂದು ಕೇಳಬೇಡಿ. ಬೈಸಿಕೊಂಡೇ ಬೆಳೆದ ಈ ಮಕ್ಕಳು ಎಲ್ಲದಕ್ಕೂ ಹೂಂ ಎನ್ನುತ್ತಾರೆ (ವಯಸ್ಸಿಗೆ ಬಂದವರನ್ನು ಮಕ್ಕಳೆಂದೆ, ಮನ್ನಿಸಿ). ಮಾಡಿ ತೋರಿಸು ಎಂದರೆ ಕಲಿತಿದ್ದಾರೋ ಇಲ್ಲವೋ ತಿಳಿಯುತ್ತದೆ. ಉಸಿರನ್ನು ಗಮನಿಸು ಎಂಬುದು ಅನೇಕರಿಗೆ ಹಿಡಿತಕ್ಕೆ ಸಿಗುವುದಿಲ್ಲ. ಅಂಗೈಯಲ್ಲಿ ಒಂದು ಏಲಕ್ಕಿ ಇಟ್ಟು, ಅದರ ಏಣು ಮುಟ್ಟಿಸಿ, ಸಿಪ್ಪೆ ಬಿಡಿಸಿ ಮೂಸಲು ಹೇಳಿದರೆ ತೋಟದ ಲೈನ್ ಮನೆಗಳಿಂದ ಬಂದವರಿಗೆ ಗಮನ ನಿಲ್ಲಿಸುವುದೆಂದರೇನೆಂದು ಬೇಗ ತಿಳಿಯುತ್ತದೆ. ಆಯಾ ದಿನದ ಭಾವನೆಗಳನ್ನು ಗುರುತುಹಾಕುವ ದಿನಚರಿ ಕಾರ್ಡಿನಲ್ಲಿ ಅಂಕಿಗಳ ಬದಲು ಮುಖದ ಚಿತ್ರಗಳಿರಲಿ, ಆದರೆ ಸಿಟ್ಟಿನ ಮುಖವನ್ನು ಕೆಟ್ಟ ಮುಖವೆಂದು ಯಾರೂ ಹೇಳದಂತೆ ನೋಡಿಕೊಳ್ಳಿ. ಇನ್ನು ನಮ್ಮ ಜಿಲ್ಲೆಯಲ್ಲಿ ಕನ್ನಡವೊಂದೇ ಸಾಲದು. ಮನೆಯಲ್ಲಿ ಎರವ, ಜೇನುಕುರುಬ, ಅರೆಭಾಷೆ, ಕೊಡವ ತಕ್ಕ್ ಅಥವಾ ಮಲಯಾಳ ಆಡುವವನು ದುಃಖವನ್ನು ಹೇಳಿಕೊಳ್ಳುವುದು ಆ ಭಾಷೆಯಲ್ಲೇ. ಅದನ್ನು ಬಲ್ಲ ಒಬ್ಬರು ತರಗತಿಯಲ್ಲಿ ಇರಲೇಬೇಕು.

ಉತ್ತರ | ಮನೋವೈದ್ಯ, ಕುಶಾಲನಗರ

ಮೇಲಿನ ಎರಡಕ್ಕೂ ನನ್ನ ಒಪ್ಪಿಗೆಯಿದೆ. ಸಮ್ಮತಿಯ ವಿಷಯ ಬಿಟ್ಟುಹೋಗಿದೆ. ತರಗತಿಗೆ ಬಂದರೆ ಬೇಗ ಮನೆಗೆ ಕಳುಹಿಸುತ್ತಾರೆ ಎಂಬ ಭಾವನೆಯಿಂದ ಒಪ್ಪಿದ್ದು ಒಪ್ಪಿಗೆಯಲ್ಲ; ಬಾರದಿದ್ದರೆ ಏನೂ ಕಳೆದುಹೋಗುವುದಿಲ್ಲ ಎಂದು ಚಿತ್ರದ ಮೂಲಕವಾದರೂ ತಿಳಿಸಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 97ನೇ ಕಲಮು ಏಕಾಂತದಲ್ಲಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ, ಶಿಕ್ಷೆಯ ರೂಪದಲ್ಲಿ ಕಟ್ಟಿಹಾಕುವುದನ್ನೂ ಒಪ್ಪುವುದಿಲ್ಲ. ಅದೇ ಕಾಯ್ದೆ ಬೌದ್ಧಿಕ ಅಂಗವೈಕಲ್ಯವನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ; ಅದಕ್ಕೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿದೆ. ಹೀಗೆಂದು ನಿಮ್ಮ ಕೇಂದ್ರದಲ್ಲಿ 97ನೇ ಕಲಮಿನ ಎಚ್ಚರವನ್ನು ಸಡಿಲಿಸಬಾರದು ಎಂಬುದು ನನ್ನ ದೃಢವಾದ ನಿಲುವು. ಈ ಹೊಂದಿಸಿದ ಡಿಬಿಟಿಯ ಬಗ್ಗೆ ಇರುವ ಅಧ್ಯಯನಗಳು ಬಹುಪಾಲು ಚಿಕ್ಕವು, ಹೋಲಿಕೆಯ ಗುಂಪಿಲ್ಲದವು. ಆದ್ದರಿಂದ ಆರಂಭಕ್ಕೂ ಮೊದಲೇ ಗಾಯ, ಹೊಡೆದಾಟ, ಹಿಡಿದು ನಿಲ್ಲಿಸಿದ ಪ್ರಸಂಗಗಳನ್ನು ದಿನವೂ ಬರೆದಿಡಿ.

ಮರುಪ್ರಶ್ನೆ | ಮನಶ್ಶಾಸ್ತ್ರಜ್ಞೆ, ಮಡಿಕೇರಿ

ಎಲ್ಲರಿಗೂ ಕೃತಜ್ಞತೆಗಳು. ಹಾಗಾದರೆ ತರಬೇತಿಯನ್ನು ಸಿಬ್ಬಂದಿಯಿಂದಲೇ ಆರಂಭಿಸುತ್ತೇನೆ. ರಾತ್ರಿ ಪಾಳಿಯವರು ಆಗಾಗ ಬದಲಾಗುತ್ತಾರೆ, ಹಗಲಿನ ತರಬೇತಿಗೆ ಸಿಗುವುದೂ ಇಲ್ಲ. ಅವರಿಗೇನು ಮಾಡುವುದು?

ಉತ್ತರ | ಶುಶ್ರೂಷಕ, ವಿರಾಜಪೇಟೆ

ಪಾಳಿ ಬದಲಾಗುವ ಹೊತ್ತಿನಲ್ಲಿ ಹತ್ತು ನಿಮಿಷ ಕೇಳಿ ಪಡೆಯಿರಿ. ಪ್ರತಿಯೊಬ್ಬ ನಿವಾಸಿಗೂ ಒಂದು ರಟ್ಟು ಮಾಡಿ: ಸಿಟ್ಟು ಏರುವ ಮೊದಲ ಲಕ್ಷಣ, ಆಗ ಆತನಿಗೆ ನೆರವಾಗುವ ಎರಡು ಕೌಶಲಗಳು, ಆಡಬಾರದ ಒಂದು ಮಾತು, ಇಷ್ಟು ಸಾಕು. ಅದನ್ನು ಆತನೊಡನೆ ಕೂತೇ ಬರೆಯಿರಿ. ಹೊಸದಾಗಿ ಬಂದ ಸಹಾಯಕರಿಗೆ ಅದನ್ನು ವಿವರಿಸುವ ಕೆಲಸವನ್ನು, ಆತನಿಗೆ ಇಷ್ಟವಿದ್ದರೆ, ಆತನಿಗೇ ಬಿಡಿ.