‘ಮಾ’ ಒಂದೇ ಅಕ್ಷರ, ಭಾಷೆಗೊಂದು ಅರ್ಥ: ಎಲ್ಲಿಂದ ಬಂತು?

ಬಿಡಿಅಕ್ಷರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಕೊರಿಯನ್ ಧಾರಾವಾಹಿ ನೋಡುವವರಿಗೆ ‘ಕಾಜಿಮಾ’ ಅನ್ನುವ ಮಾತು ಗೊತ್ತೇ ಇರುತ್ತದೆ. ಯಾರಾದರೂ ಎದ್ದು ಹೊರಟರೆ ಹಿಂದಿನಿಂದ ‘ಹೋಗಬೇಡ’ ಅಂತ ಕೂಗುತ್ತಾರಲ್ಲ, ಅದು. ‘ಹಾಜಿಮಾ’ ಅಂದರೆ ‘ಮಾಡಬೇಡ’. ಅಲ್ಲಿಗೆ ಕೊನೆಯ ‘ಮಾ’ಗೆ ‘ಬೇಡ’ ಅಂತ ಅರ್ಥ.

ಸಂಸ್ಕೃತದಲ್ಲೂ ಹಾಗೇ ಅಲ್ವಾ? ಗೀತೆಯ ‘ಮಾ ಫಲೇಷು ಕದಾಚನ’, ‘ಮಾ ಶುಚಃ’ ಎರಡರಲ್ಲೂ ‘ಮಾ’ ಅಂದರೆ ‘ಬೇಡ’. ‘ಹೋಗಬೇಡ’ ಅನ್ನೋದಕ್ಕೆ ಸಂಸ್ಕೃತದಲ್ಲಿ ‘ಮಾ ಗಮಃ’, ಕೊರಿಯನ್‌ನಲ್ಲಿ ‘ಕಾಜಿ ಮಾ’. ‘ಗ’ಕಾರ, ‘ಕ’ಕಾರ ಕೂಡ ಹತ್ತಿರ ಹತ್ತಿರ ಇವೆ. ಇದು ಸುಮ್ನೆ ಆಗಿರೋದು ಅಂತ ನಂಬೋಕೆ ನನಗೆ ಕಷ್ಟವಾಗುತ್ತಿದೆ. ಬೌದ್ಧ ಭಿಕ್ಷುಗಳ ಜೊತೆ ಈ ಪದ ಅಲ್ಲಿಗೆ ಹೋಗಿರಬಹುದಾ?

ಹಾಗೇ, ಬೇರೆ ಭಾಷೆಗಳಲ್ಲಿ ‘ಮಾ’ಗೆ ಏನೇನು ಅರ್ಥ ಇದೆ ಅಂತ ಗೊತ್ತಿದ್ದವರು ಬರೆಯಿರಿ. ಬರೀ ಪಟ್ಟಿ ಎಲ್ಲಾದರೂ ಸಿಗುತ್ತದೆ. ಆ ಪದ ಅಲ್ಲಿಗೆ ಹೇಗೆ ಬಂತು ಅನ್ನೋದು ನನಗೆ ಬೇಕಾಗಿರೋದು.

ಧಾತುಪಾಠ:

ಸಂಬಂಧ ಇಲ್ಲ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

ಮೊದಲು ಕೊರಿಯನ್ ‘ಮಾ’. ಅದು ಪೂರ್ತಿ ಪದವೇ ಅಲ್ಲ. ಮೂಲ ಕ್ರಿಯಾಪದ ‘ಮಾಲ್‌ದಾ’, ಅಂದರೆ ಬಿಡು, ನಿಲ್ಲಿಸು. ಇದರ ಧಾತು ‘ಮಾಲ್’. ಕೆಲವು ಪ್ರತ್ಯಯಗಳ ಮುಂದೆ ಆ ‘ಲ್’ ಬಿದ್ದುಹೋಗುತ್ತದೆ, ಕೆಲವು ಕಡೆ ಉಳಿಯುತ್ತದೆ. ಸಲುಗೆಯಲ್ಲಿ ‘ಕಾಜಿ ಮಾ’, ಮರ್ಯಾದೆ ಕೊಟ್ಟು ಹೇಳಿದರೆ ‘ಕಾಜಿ ಮಾಸೆಯೋ’. ಆದರೆ ‘ಹೋಗದೆ’ ಅನ್ನಬೇಕಾದರೆ ‘ಕಾಜಿ ಮಾಲ್ಗೊ’, ಅಲ್ಲಿ ‘ಲ್’ ವಾಪಸ್ ಬರುತ್ತದೆ. ನಾವು ‘ಹೋಗೋದು ಬಿಡು’ ಅಂತೀವಲ್ಲ, ರಚನೆ ಹೆಚ್ಚುಕಡಿಮೆ ಅದೇ.

ಸಂಸ್ಕೃತದ ‘ಮಾ’ ಜೊತೆ ಯಾವ ‘ಲ್’ ಕೂಡ ಇಲ್ಲ. ಅದಕ್ಕೆ ಒಡಹುಟ್ಟಿದವರು ಬೇರೆ ಕಡೆ ಇದ್ದಾರೆ. ಇರಾನಿನ ಹಳೆಯ ಧರ್ಮಗ್ರಂಥ ಅವೆಸ್ತಾದ ಭಾಷೆಯಲ್ಲಿ ‘ಮಾ’, ಹಳೆಯ ಗ್ರೀಕ್‌ನಲ್ಲಿ ‘ಮೇ’, ಅರ್ಮೇನಿಯನ್‌ನಲ್ಲಿ ‘ಮಿ’. ಎಲ್ಲಕ್ಕೂ ಕೆಲಸ ಒಂದೇ, ಬೇಡ ಅನ್ನುವುದು. ಹಳೆಯ ಪಾರ್ಸಿ (ಪರ್ಷಿಯನ್) ಕಾವ್ಯದಲ್ಲೂ ‘ಮಾಡಬೇಡ’ ಅನ್ನೋದಕ್ಕೆ ‘ಮಕುನ್’. ಅಂದರೆ ಈ ಭಾಷೆಗಳೆಲ್ಲ ಒಂದೇ ಮನೆಯಲ್ಲಿದ್ದ ಕಾಲದಿಂದಲೂ ಇರುವ ಪದ ಇದು. ಬುದ್ಧನಿಗಿಂತ ಎಷ್ಟೋ ಹಿಂದಿನದು.

ಇನ್ನು ‘ಗಮಃ’ ಮತ್ತು ‘ಕಾಜಿ’. ಸಂಸ್ಕೃತದ ಧಾತು ‘ಗಮ್’, ಅದರಲ್ಲಿ ಮಕಾರ ಮುಖ್ಯ. ಕೊರಿಯನ್ ಧಾತು ಬರೀ ‘ಕಾ’, ‘ಜಿ’ ಅನ್ನೋದು ಪ್ರತ್ಯಯ. ಧಾತುವನ್ನು ಬಿಡಿಸಿ ನೋಡಿದ ತಕ್ಷಣ ಹೋಲಿಕೆ ಕರಗಿಹೋಗುತ್ತದೆ. ಹೊರಗಿನಿಂದ ಕೇಳಿದಾಗ ಎರಡು ಪದ ಒಂದೇ ಥರ ಇದ್ದರೆ ಸಾಲದು, ಅವುಗಳ ಹಳೆಯ ರೂಪ ಮತ್ತು ಬಂಧುಬಳಗ ನೋಡಬೇಕು.

ಶ್ಲೋಕಪ್ರಿಯ:

‘ಬೇಡ’ ಅನ್ನುವ ‘ಮಾ’ ಬಗ್ಗೆ ಮಾತು ಬಂದ ಮೇಲೆ ವಾಲ್ಮೀಕಿಯ ‘ಮಾ ನಿಷಾದ’ ಬಿಡೋಕಾಗಲ್ಲ. ಜೋಡಿ ಕ್ರೌಂಚ ಪಕ್ಷಿಗಳಲ್ಲಿ ಒಂದನ್ನು ಬೇಡನೊಬ್ಬ ಕೊಂದಾಗ ಋಷಿಯ ಬಾಯಿಂದ ಬಂದ ಮಾತು ಅದು. ‘ಎಲೈ ಬೇಡನೇ, ನಿನಗೆ ಎಂದೆಂದಿಗೂ ನೆಲೆ ಸಿಗದಿರಲಿ’ ಅನ್ನುವ ಶಾಪ.

ಆದರೆ ಸಂಸ್ಕೃತದಲ್ಲಿ ಇನ್ನೊಂದು ‘ಮಾ’ ಇದೆ. ಅದಕ್ಕೆ ಲಕ್ಷ್ಮಿ ಅಂತ ಅರ್ಥ. ‘ಮಾಧವ’ ಅನ್ನೋದನ್ನು ‘ಮಾ’ ಮತ್ತು ‘ಧವ’ ಅಂತ ಬಿಡಿಸಿ ಲಕ್ಷ್ಮಿಯ ಗಂಡ ಅನ್ನುವುದು ಇದರಿಂದಲೇ. ಕೆಲವು ವ್ಯಾಖ್ಯಾನಕಾರರು ಆ ಶ್ಲೋಕವನ್ನೂ ಹೀಗೇ ಓದಿದರು. ‘ಮಾ’ ‘ನಿಷಾದ’ ಅಂತ ಬಿಡಿಬಿಡಿಯಾಗಿ ಅಲ್ಲ, ‘ಮಾನಿಷಾದ’ ಅಂತ ಒಂದೇ ಪದ. ಲಕ್ಷ್ಮಿಗೆ ನೆಲೆಯಾದವನೇ, ಅಂದರೆ ವಿಷ್ಣುವೇ. ಕೂಡಲೇ ಶಾಪ ಹೋಗಿ ಸ್ತುತಿ ಆಯಿತು. ಜೋಡಿಯಲ್ಲಿ ಒಂದನ್ನು ಕೊಂದದ್ದು ಅಂದರೆ ರಾವಣವಧೆ.

ಇದನ್ನು ಬರೀ ಭಕ್ತಿಯ ಜಾಣತನ ಅಂತ ತಳ್ಳಿಹಾಕಬೇಡಿ, ವ್ಯಾಕರಣದ ಎಳೆಯೊಂದು ಇಲ್ಲಿದೆ. ‘ಬೇಡ’ ಅನ್ನುವ ‘ಮಾ’ ಬಂದರೆ ಭೂತಕಾಲದ ಕ್ರಿಯಾಪದದ ಮೊದಲ ಅಕಾರ ಸಾಮಾನ್ಯವಾಗಿ ಬಿದ್ದುಹೋಗುತ್ತದೆ. ಅದಕ್ಕೇ ಗೀತೆಯಲ್ಲಿ ‘ಮಾ ಶುಚಃ’, ‘ಮಾ ಅಶುಚಃ’ ಅಲ್ಲ. ವಾಲ್ಮೀಕಿಯ ಶ್ಲೋಕದಲ್ಲಿ ಮಾತ್ರ ‘ತ್ವಮಗಮಃ’ ಅಂತಿದೆ, ಅಕಾರ ಹಾಗೇ ಕೂತಿದೆ. ಅದನ್ನೇ ನೇರ ಭೂತಕಾಲ ಅಂತ ತೆಗೆದುಕೊಂಡರೆ ‘ನೀನು ಪ್ರತಿಷ್ಠೆ ಪಡೆದೆ’ ಅಂತ ಆಗುತ್ತದೆ. ಕಥೆಯ ಸಂದರ್ಭಕ್ಕೆ ಶಾಪವೇ ಸರಿ ಅಂತ ನನ್ನ ಅಭಿಪ್ರಾಯ. ಆದರೂ ಒಂದು ಅಕಾರ ಹಿಡಿದು ಇಷ್ಟು ದೂರ ಹೋದವರ ಬಗ್ಗೆ ನನಗೆ ಗೌರವ ಇದೆ.

ನಾಲ್ಕುಸ್ವರ:

ಚೀನಿ ಕಲಿಯಲು ಕೂತವರಿಗೆ ಮೊದಲ ಪಾಠವೇ ‘ಮಾ’. ಸ್ವರ ಏರಿಳಿಯದೆ ಮೇಲೇ ನಿಂತರೆ ತಾಯಿ, ಏರಿದರೆ ಸೆಣಬಿನ ಜಾತಿಯ ಗಿಡ, ಇಳಿದು ಏರಿದರೆ ಕುದುರೆ, ಧಡಕ್ಕನೆ ಇಳಿದರೆ ಬೈಯುವುದು. ಸ್ವರವೇ ಇಲ್ಲದೆ ವಾಕ್ಯದ ಕೊನೆಗೆ ಹಗುರಾಗಿ ಬಂದರೆ ಪ್ರಶ್ನೆ, ನಮ್ಮ ‘ಬಂದನಾ?’ದಲ್ಲಿರುವ ‘ಆ’ ಥರ.

ಇಷ್ಟು ಎಲ್ಲರಿಗೂ ಗೊತ್ತು. ನನಗೆ ಜಾಸ್ತಿ ಇಷ್ಟವಾಗೋದು ಬರವಣಿಗೆ. ತಾಯಿ ಅನ್ನುವ ಅಕ್ಷರದಲ್ಲಿ ಎಡಕ್ಕೆ ಹೆಣ್ಣಿನ ಗುರುತು, ಬಲಕ್ಕೆ ಕುದುರೆ. ಬೈಯುವುದಕ್ಕೆ ಮೇಲೆ ಎರಡು ಬಾಯಿ, ಕೆಳಗೆ ಕುದುರೆ. ಪ್ರಶ್ನೆಯ ‘ಮಾ’ಗೆ ಒಂದು ಬಾಯಿ, ಪಕ್ಕದಲ್ಲಿ ಮತ್ತೆ ಕುದುರೆ. ತಾಯಿಗೂ ಕುದುರೆಗೂ ಏನು ಸಂಬಂಧ ಅಂತ ತಲೆ ಕೆಡಿಸಿಕೊಳ್ಳಬೇಡಿ. ಕುದುರೆ ಅಲ್ಲಿ ಉಚ್ಚಾರಕ್ಕೆ ಮಾತ್ರ ಇದೆ, ‘ಇದನ್ನು ಮಾ ಅಂತ ಓದು’ ಅಂತ ಹೇಳುತ್ತದೆ. ಅರ್ಥದ ಕಡೆ ಕೈ ತೋರಿಸೋದು ಇನ್ನೊಂದು ಭಾಗ. ಚೀನಿ ಅಕ್ಷರಗಳಲ್ಲಿ ಬಹುಪಾಲು ಹೀಗೇ ಕಟ್ಟಿದವು.

ವಿಯೆಟ್ನಾಮಿನಲ್ಲಿ ಆರು ಸ್ವರ. ‘ಮಾ’ ಅಂದರೆ ದೆವ್ವ, ಸ್ವರ ಬದಲಾದರೆ ಕೆನ್ನೆ, ಗೋರಿ, ಭತ್ತದ ಸಸಿ, ಹೀಗೆ. ದಕ್ಷಿಣದ ಕಡೆ ಅಮ್ಮನಿಗೂ ‘ಮಾ’. ಥಾಯ್‌ನಲ್ಲಿ ಬರುವುದು, ನಾಯಿ, ಕುದುರೆ ಮೂರೂ ‘ಮಾ’ನೇ, ಸ್ವರ ಮಾತ್ರ ಬೇರೆ. ‘ನಾಯಿ ಬಂತು’ ಅನ್ನೋದು ನಮ್ಮ ಕಿವಿಗೆ ‘ಮಾ ಮಾ’. ಇದರಲ್ಲಿ ಥಾಯ್ ಕುದುರೆಗೂ ಚೀನಿ ಕುದುರೆಗೂ ನಿಜವಾದ ನಂಟಿದೆ, ಪ್ರಾಣಿಯ ಜೊತೆ ಹೆಸರೂ ಹೋಗಿದೆ. ನಾಯಿಗೂ ಬರುವುದಕ್ಕೂ ಅಂಥದ್ದೇನೂ ಇಲ್ಲ.

ಜಪಾನೀಯರ ‘ಮಾ’ ಬೇರೆಯೇ. ಎರಡು ವಸ್ತುಗಳ ನಡುವಿನ, ಎರಡು ಕ್ಷಣಗಳ ನಡುವಿನ ಬಿಡುವು. ಸಂಗೀತದಲ್ಲಿ ಎರಡು ಪೆಟ್ಟುಗಳ ನಡುವೆ ಬಿಡುವ ಮೌನಕ್ಕೂ ಅದೇ ಹೆಸರು. ಆ ಬಿಡುವಿನ ಅಂದಾಜು ತಪ್ಪಿದವನು ‘ಮಾನುಕೆ’, ಅಂದರೆ ‘ಮಾ’ ಕಳೆದುಕೊಂಡವನು. ದಡ್ಡ ಅಂತ ಬೈಯೋಕೆ ಇವತ್ತೂ ಈ ಪದ ಬಳಸುತ್ತಾರೆ.

ಮನೆಮಾತು:

ಅಷ್ಟು ದೂರ ಯಾಕೆ, ತೆಲುಗಿನ ‘ಮಾ’ ನೋಡಿ. ‘ಮಾ ಇಲ್ಲು’ ಅಂದರೆ ನಮ್ಮ ಮನೆ, ಆದರೆ ಕೇಳುತ್ತಿರುವ ನೀವು ಅದರಲ್ಲಿ ಸೇರಿಲ್ಲ. ನೀವೂ ಸೇರಿದರೆ ‘ಮನ ಇಲ್ಲು’. ಕನ್ನಡದಲ್ಲಿ ಎರಡಕ್ಕೂ ‘ನಮ್ಮ’ ಅಂತಲೇ ಹೇಳುತ್ತೇವೆ, ಈ ವ್ಯತ್ಯಾಸ ಕೈಬಿಟ್ಟಿದ್ದೇವೆ. ಪಾರ್ಸಿಯಲ್ಲೂ ‘ಮಾ’ ಅಂದರೆ ನಾವು! ಆದರೆ ಅದು ಬಂದಿರೋದು ಹಳೆಯ ಪರ್ಷಿಯನ್‌ನ ‘ಅಮಾಖಂ’ನಿಂದ, ಸಂಸ್ಕೃತದ ‘ಅಸ್ಮಾಕಂ’ ಇದಕ್ಕೆ ಅಕ್ಕ. ತೆಲುಗಿನದು ‘ಮೇಮು’ ಅನ್ನುವುದರ ರೂಪ, ದ್ರಾವಿಡದ್ದು. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಬಂದು ಒಂದೇ ಬಾಗಿಲಲ್ಲಿ ನಿಂತಿದ್ದಾರೆ.

ಕನ್ನಡದಲ್ಲೂ ‘ಮಾ’ ಒಂದಲ್ಲ. ‘ಮಾಮರ’ದ ‘ಮಾ’ ಅಂದರೆ ಮಾವು, ಅಚ್ಚ ದ್ರಾವಿಡ. ಮಲಯಾಳದ ‘ಮಾಙ್ಙ’ ಪೋರ್ಚುಗೀಸರ ಬಾಯಲ್ಲಿ ‘ಮಾಂಗಾ’ ಆಗಿ, ಅಲ್ಲಿಂದ ಇಂಗ್ಲಿಷಿಗೆ ‘ಮ್ಯಾಂಗೋ’ ಆಗಿ ಹೋಯಿತು. ಅದರ ಮೊದಲ ಅಕ್ಷರದಲ್ಲಿರೋದು ಇದೇ ‘ಮಾ’. ‘ಮಾಸ್ತಿಕಲ್ಲು’, ‘ಮಾರ್ನಮಿ’ ಇವುಗಳಲ್ಲಿರೋದು ಬೇರೆ. ಅದು ‘ಮಹಾ’, ನಡುವಿನ ಹಕಾರ ಸವೆದುಹೋಗಿ ‘ಮಾ’ ಆಗಿದೆ. ಮಹಾಸತಿ ಮಾಸ್ತಿ ಆದಳು, ಮಹಾನವಮಿ ಮಾರ್ನಮಿ ಆಯಿತು. ತಮಿಳರಿಗೆ ‘ಮಾ’ ಅಂದರೆ ಇಪ್ಪತ್ತರಲ್ಲಿ ಒಂದು ಭಾಗ ಅನ್ನುವ ಹಳೆಯ ಲೆಕ್ಕವೂ ಇದೆ.

ಬಿಡಿಅಕ್ಷರ:

ಕೊರಿಯನ್ ವಿಷಯ ಒಪ್ಪಿದೆ, ಆ ‘ಲ್’ ವಾಪಸ್ ಬರೋದು ನೋಡಿದ ಮೇಲೆ ವಾದಕ್ಕೆ ಜಾಗ ಇಲ್ಲ. ಆದರೆ ತಾಯಿ? ಹಿಂದಿಯ ‘ಮಾ’, ಚೀನಿಯ ‘ಮಾ’, ನಮ್ಮ ‘ಅಮ್ಮ’, ಟಿಬೆಟ್ಟಿನ ‘ಅಮಾ’, ಸ್ವಾಹಿಲಿಯ ‘ಮಾಮಾ’. ಇದೂ ಸುಮ್ನೆ ಆಗಿದ್ದಾ?

ಮೂಲಬೇರು:

ನಾನೂ ಅದನ್ನೇ ಕೇಳಬೇಕು ಅಂತಿದ್ದೆ. ಇಷ್ಟು ಭಾಷೆಗಳಲ್ಲಿ ತಾಯಿಗೆ ಒಂದೇ ಪದ ಇದ್ದರೆ ಎಲ್ಲಕ್ಕೂ ಒಂದೇ ತಾಯಿಭಾಷೆ ಇತ್ತು ಅನ್ನೋದಕ್ಕೆ ಅದೇ ಸಾಕ್ಷಿ ಅಲ್ವಾ?

ಧಾತುಪಾಠ:

ತಾಯಿಯ ‘ಮಾ’ ಆಕಸ್ಮಿಕ ಅಲ್ಲ. ಹಾಗಂತ ಒಂದೇ ಮೂಲಭಾಷೆಗೆ ಸಾಕ್ಷಿಯೂ ಅಲ್ಲ. ಇದರ ಮೇಲೆ ಭಾಷಾವಿಜ್ಞಾನಿ ರೋಮನ್ ಯಾಕಬ್ಸನ್ 1960ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮಾನವಶಾಸ್ತ್ರಜ್ಞ ಮರ್ಡಾಕ್ ನಾನಾ ಭಾಷೆಗಳಿಂದ ಕೂಡಿಸಿದ ತಾಯಿ ತಂದೆ ಪದಗಳು ಅವರ ಮುಂದಿದ್ದವು. ತಾಯಿಯ ಪದಗಳಲ್ಲಿ 55%ರಷ್ಟು ಮ, ನ ಮುಂತಾದ ಮೂಗಿನ ಅಕ್ಷರಗಳವು, ತಂದೆಯ ಪದಗಳಲ್ಲಿ ಬರೀ 15%. ಯಾಕಬ್ಸನ್ ಕೊಟ್ಟ ಕಾರಣ ಇದು: ಮೊಲೆ ಕುಡಿಯುವಾಗ ಮಗುವಿನ ಬಾಯಿ ಮುಚ್ಚಿರುತ್ತದೆ, ದನಿ ಮೂಗಿನಿಂದ ಮಾತ್ರ ಬರೋಕೆ ಸಾಧ್ಯ. ಆ ಗುನುಗು ‘ಮ್’ ಥರ ಕೇಳಿಸುತ್ತದೆ. ಆಮೇಲೆ ಹಸಿವಾದಾಗ, ಏನಾದರೂ ಬೇಕಾದಾಗಲೂ ಮಗು ಅದೇ ದನಿ ತೆಗೆಯುತ್ತದೆ. ತುಟಿ ತೆರೆದರೆ ‘ಮಾ’. ಅದು ನನ್ನನ್ನೇ ಕರೆಯುತ್ತಿದೆ ಅಂತ ಅಂದುಕೊಳ್ಳೋದು ಹತ್ತಿರ ಇರುವ ದೊಡ್ಡವರು.

ಅಂದರೆ ಈ ಪದ ಒಂದು ಕಡೆ ಹುಟ್ಟಿ ಹರಡಿದ್ದಲ್ಲ, ಮಕ್ಕಳಿರುವ ಕಡೆಯೆಲ್ಲ ಮತ್ತೆ ಮತ್ತೆ ಹುಟ್ಟುತ್ತಲೇ ಇರುವಂಥದ್ದು. ದೊಡ್ಡವರು ಕೊಡುವ ಅರ್ಥ ಬೇರೆಯೂ ಆಗಬಹುದು. ಜಾರ್ಜಿಯನ್ ಭಾಷೆಯಲ್ಲಿ ‘ಮಾಮಾ’ ಅಂದರೆ ಅಪ್ಪ, ಅಮ್ಮನಿಗೆ ‘ದೆದಾ’. ಆಸ್ಟ್ರೇಲಿಯಾದ ಪಿಜ್ಜಂಜಜಾರಾ ಭಾಷೆಯಲ್ಲೂ ‘ಮಾಮಾ’ ಅಪ್ಪನೇ. ನಮಗೆ ‘ಮಾಮ’ ತಾಯಿಯ ಅಣ್ಣತಮ್ಮ. ಜಪಾನಿ ಭಾಷೆಯಲ್ಲಿ ತಾಯಿಗೆ ‘ಹಾಹಾ’, ತುಂಬಾ ಹಿಂದೆ ಅದರ ಉಚ್ಚಾರ ‘ಪಾಪಾ’ ಅಂತ ಇತ್ತು!

ಮೂಲಬೇರು ಅವರಿಗೆ: ಆಸ್ಟ್ರೇಲಿಯಾದ ಮ್ಬಬರಂ ಭಾಷೆಯಲ್ಲಿ ನಾಯಿಗೆ ‘ಡಾಗ್’ ಅನ್ನುತ್ತಿದ್ದರು. ಇಂಗ್ಲಿಷಿನಿಂದ ಬಂದದ್ದಲ್ಲ. ಆ ಭಾಷೆಯನ್ನು ದಾಖಲಿಸಿದ ಡಿಕ್ಸನ್ ಅವರಿಗೂ ಮೊದಲು ಇಂಗ್ಲಿಷ್ ಪದವೇ ಇರಬೇಕು ಅನ್ನಿಸಿತ್ತು. ನೆರೆಯ ಯಿದಿನ್ ಭಾಷೆಯಲ್ಲಿ ಅದೇ ಪದ ‘ಗುಡಗ’. ಮ್ಬಬರಂನಲ್ಲಿ ಪದಗಳ ಮೊದಲ ಭಾಗ ಉದುರುವುದು ಬೇರೆ ಎಷ್ಟೋ ಪದಗಳಲ್ಲೂ ಕಾಣುತ್ತದೆ, ಹಾಗೆ ‘ಗುಡಗ’ ಸವೆದು ‘ಡಾಗ್’ ಆಗಿದೆ. ಮೂರು ದನಿಗಳ ಪದವೇ ಅರ್ಥ ಸಮೇತ ಹೀಗೆ ಹೊಂದಬಹುದಾದರೆ, ಎರಡೇ ದನಿಗಳ ‘ಮಾ’ ಎಷ್ಟು ಕಡೆ ಹೊಂದಬೇಡ? ಮಕಾರ ಇಲ್ಲದ ಭಾಷೆಗಳೇ ತೀರ ಅಪರೂಪ.

ಶ್ಲೋಕಪ್ರಿಯ:

ಇಂಥದ್ದೇ ಇನ್ನೊಂದು. ಇಟಾಲಿಯನ್ ‘ಮಾ’ ಅಂದರೆ ‘ಆದರೆ’. ವಿಯೆಟ್ನಾಮಿನ ಒಂದು ‘ಮಾ’ಗೂ ‘ಆದರೆ’ ಅನ್ನುವ ಅರ್ಥ ಇದೆ. ಇಟಾಲಿಯನ್‌ದು ಲ್ಯಾಟಿನ್ ‘ಮಾಗಿಸ್’ನಿಂದ ಬಂದಿದೆ, ಅದರ ಅರ್ಥ ‘ಹೆಚ್ಚು’. ಸ್ಪ್ಯಾನಿಷ್‌ನಲ್ಲಿ ‘ಮಾಸ್’ಗೆ ಇವತ್ತೂ ‘ಹೆಚ್ಚು’, ‘ಆದರೆ’ ಎರಡೂ ಅರ್ಥ ಇದೆ. ಪೋಲಿಷ್‌ನಲ್ಲಿ ‘ಮಾ’ ಅಂದರೆ ‘ಅವನ ಹತ್ತಿರ ಇದೆ’, ‘ಅವಳ ಹತ್ತಿರ ಇದೆ’. ಹಂಗೇರಿಯನ್‌ನಲ್ಲಿ ‘ಇವತ್ತು’. ಫಿನ್ನಿಷ್‌ನಲ್ಲಿ ‘ನೆಲ, ನಾಡು’. ಎಸ್ಟೋನಿಯನ್‌ನಲ್ಲಿ ಉದ್ದ ಎಳೆದರೆ ‘ನೆಲ’, ಎಳೆಯದಿದ್ದರೆ ‘ನಾನು’.

ನಾಲ್ಕುಸ್ವರ:

ಚೀನಿಯ ಪ್ರಶ್ನೆಯ ‘ಮಾ’ ಎಲ್ಲಿಂದ ಬಂತು ಅಂತ ಹೇಳೋದು ಬಿಟ್ಟಿದ್ದೆ, ಕೇಳಿದವರಿಗೆ ಅದೇ ಬೇಕಾಗಿತ್ತು. ಹಳೆಯ ಚೀನಿಯಲ್ಲಿ ‘ಇಲ್ಲ’ ಅನ್ನೋದಕ್ಕೆ ಒಂದು ಪದ ಇದೆ, ಈಗ ಓದೋದು ‘ವು’ ಅಂತ. ಕ್ಯಾಂಟನೀಸ್‌ನಲ್ಲಿ ಇನ್ನೂ ‘ಮೋ’, ಕೊರಿಯನ್ ಮತ್ತು ಜಪಾನಿನವರು ಎರವಲು ಪಡೆದ ರೂಪ ‘ಮು’. ಇವನ್ನೆಲ್ಲ ಜೋಡಿಸಿ ನೋಡಿದ ವಿದ್ವಾಂಸರು ಬಹಳ ಹಿಂದೆ ಅದರ ಉಚ್ಚಾರ ‘ಮ’ ಅಂತಲೇ ಇತ್ತು ಅನ್ನುತ್ತಾರೆ. ವಾಕ್ಯದ ಕೊನೆಗೆ ‘ಬಂದ, ಇಲ್ಲ?’ ಅಂತ ಕೇಳಿ ಕೇಳಿ, ಆ ‘ಇಲ್ಲ’ ತನ್ನ ಅರ್ಥ ಬಿಟ್ಟು ಬರೀ ಪ್ರಶ್ನೆಯ ಗುರುತಾಯಿತು. ನಾವು ‘ಬರ್ತೀಯಾ ಇಲ್ವಾ’ ಅಂತ ಕೇಳಿದ ಹಾಗೆ. ಟಿಬೆಟನ್ ಮತ್ತು ಬರ್ಮೀಸ್ ಅದೇ ಕುಟುಂಬದವು, ಅಲ್ಲಿ ಕ್ರಿಯಾಪದದ ಮೊದಲು ‘ಮ’ ಸೇರಿಸಿದರೆ ಇವತ್ತಿಗೂ ‘ಇಲ್ಲ’ ಅಂತಲೇ ಅರ್ಥ.

ಅರಬಿಯಲ್ಲಿ ಇದರ ಉಲ್ಟಾ. ಅಲ್ಲಿ ‘ಮಾ’ ಅಂದರೆ ‘ಏನು’, ‘ಯಾವುದು’. ‘ಮಾಶಾ ಅಲ್ಲಾಹ್’ದಲ್ಲಿ ಇರೋದು ಅದೇ, ‘ದೇವರು ಬಯಸಿದ್ದು’ ಅಂತ. ಹೀಬ್ರೂವಿನಲ್ಲೂ ‘ಮಾ’ ಅಂದರೆ ‘ಏನು’, ಇವೆರಡು ನಿಜವಾದ ಅಣ್ಣತಮ್ಮ. ಆದರೆ ಅರಬಿಯಲ್ಲಿ ಇದೇ ‘ಮಾ’ಗೆ ‘ಇಲ್ಲ’ ಅನ್ನುವ ಅರ್ಥವೂ ಇದೆ. ಪ್ರಶ್ನೆಯೇ ನಿಷೇಧ ಆಗಿದ್ದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ‘ನನಗೇನು ಗೊತ್ತು’ ಅಂತ ನಾವು ಹೇಳಿದರೆ ಅದು ಪ್ರಶ್ನೆ ಅಲ್ಲ, ‘ಗೊತ್ತಿಲ್ಲ’ ಅಂತಲೇ ಅರ್ಥ ತಾನೇ?