ಅಪ್‌ಡೇಟ್: ಡಿಜಿಟಲ್ ಚಿತ್ರಕಲೆಯನ್ನು ಮುಂದುವರಿಸಿದ್ದೇನೆ

ಯಂತ್ರವೇ ಚಿತ್ರ ರಚಿಸುವ ಈ ಕಾಲದಲ್ಲಿ ಡಿಜಿಟಲ್ ಚಿತ್ರಕಲೆಯನ್ನು ಕಲಿಯುವುದು ಸಾರ್ಥಕವೇ ಎಂದು ಮಳೆಗಾಲದ ಮೊದಲು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. 2022ರಲ್ಲಿ ಚಿತ್ರ ರಚಿಸುವ ಎಐ ತಂತ್ರಾಂಶಗಳಾದ ಮಿಡ್‌ಜರ್ನಿ, ಸ್ಟೇಬಲ್ ಡಿಫ್ಯೂಷನ್‌ಗಳು ಬಂದ ಮೇಲೆ ಕಡಿಮೆಯಾದ ಮುಖಪುಟದ ಕೆಲಸಗಳು ನನಗೆ ಮರಳಿಲ್ಲ. ಜೀವನಕ್ಕೆ ಸಾಗರದ ಅಡಿಕೆ ಮಂಡಿಯೊಂದರ ಲೆಕ್ಕಪತ್ರದ ಕೆಲಸವಿದೆ.

ರಾತ್ರಿ ಮಾತ್ರ ಕ್ರಿತಾ ಎಂಬ ಚಿತ್ರಕಲೆಯ ತಂತ್ರಾಂಶದಲ್ಲಿ, ಮಲೆನಾಡಿನ ದೀವರ ಸಮುದಾಯದ ಸಾಂಪ್ರದಾಯಿಕ ಗೋಡೆಚಿತ್ರವಾದ ಹಸೆ ಚಿತ್ತಾರವನ್ನು ಅಭ್ಯಾಸ ಮಾಡುತ್ತೇನೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪನ್ನು ಪುಂಡಿನಾರಿನ ಕುಂಚದಿಂದ ಎಳೆಯುವಾಗ ಗೆರೆ ಎಲ್ಲಿ ತೆಳುವಾಗುತ್ತದೆ, ಎಲ್ಲಿ ತಡೆಯುತ್ತದೆ ಎಂಬುದನ್ನು ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ ನೋಡಿದ ಬಳಿಕ, ಗೆರೆಯನ್ನು ತಾನಾಗಿ ನಯಗೊಳಿಸುವ ಸ್ಟೆಬಿಲೈಸರ್ ಬಳಸುವುದನ್ನು ಬಿಟ್ಟು, ಪೆನ್ನಿನ ಒತ್ತಡಕ್ಕೆ ಸ್ಪಂದಿಸುವ ಡಿಜಿಟಲ್ ಕುಂಚವೊಂದನ್ನು ನಾನೇ ಸಿದ್ಧಪಡಿಸಿಕೊಂಡೆ. ತೀರಾ ನಯವಾದ ಗೆರೆ ಆ ಚಿತ್ತಾರಕ್ಕೆ ಒಗ್ಗುವುದಿಲ್ಲ. ರೈತರು ಭೂಮಿಯನ್ನು ಪೂಜಿಸುವ ಭೂಮಿ ಹುಣ್ಣಿಮೆಯೊಳಗೆ, ಆ ಹಬ್ಬಕ್ಕೆ ಸಿಂಗರಿಸುವ ಭೂಮಣ್ಣಿ ಬುಟ್ಟಿಯ ಚಿತ್ತಾರವನ್ನು ಬರೆದು ಮುಗಿಸಿ, ಮೊದಲು ಆ ಅಜ್ಜಿಗೇ ತೋರಿಸುತ್ತೇನೆ.