‘ನೆನೆಗುದಿಗೆ ಬಿದ್ದ’ ಅನಿಮೇಷನ್ ಚಿತ್ರ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಅರ್ಧಕ್ಕೆ ನಿಂತ, ನಡುವೆ ಕೆಟ್ಟ ಅನಿಮೇಷನ್ ಚಿತ್ರಗಳ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ವಿಷಯ ಬೇಕಾದಷ್ಟಿದೆ, ಪದಗಳೇ ಸಾಲುತ್ತಿಲ್ಲ. ನಮ್ಮ ಸಿನಿಮಾ ಮಂದಿಯ ಮಾತೆಲ್ಲ ಕ್ಯಾಮೆರಾ ಇಟ್ಟು ತೆಗೆಯುವ ಚಿತ್ರಕ್ಕೆ ಹುಟ್ಟಿದ್ದು. ಮುಹೂರ್ತ ಆಗುತ್ತದೆ, ಚಿತ್ರ ಸೆಟ್ಟೇರುತ್ತದೆ, ಶೂಟಿಂಗ್ ಮುಗಿದ ದಿನ ಕುಂಬಳಕಾಯಿ ಒಡೆಯುತ್ತಾರೆ. ಅನಿಮೇಷನ್‌ನಲ್ಲಿ ಸೆಟ್ಟೇ ಇಲ್ಲ, ಕುಂಬಳಕಾಯಿ ಯಾವತ್ತು ಒಡೆಯೋದು? ಕಥೆ ಕಟ್ಟುವುದು, ಬಿಡಿಸುವುದು, ಜೋಡಿಸಿ ನೋಡುವುದು, ಸರಿಯಿಲ್ಲ ಅಂತ ಕಿತ್ತುಹಾಕುವುದು ಎಲ್ಲ ವರ್ಷಗಟ್ಟಲೆ ಒಟ್ಟಿಗೇ ನಡೆಯುತ್ತಿರುತ್ತದೆ.

ಸುಲಭದ್ದು ಮೊದಲು ಹೇಳಿಬಿಡುತ್ತೇನೆ. ಪಿಕ್ಸಾರ್ 2008ರಲ್ಲಿ ‘ನ್ಯೂಟ್’ ಎಂಬ ಚಿತ್ರ ಮಾಡುತ್ತೇವೆ ಅಂತ ಹೇಳಿ 2010ರಲ್ಲಿ ನಿಲ್ಲಿಸಿತು. ಡಿಸ್ನಿಯ ‘ಜೈಗ್ಯಾಂಟಿಕ್’ 2017ರಲ್ಲಿ ನಿಂತಿತು. ಇವಕ್ಕೆ ‘ಕೈಬಿಟ್ಟರು’ ಸಾಕು. ‘ರದ್ದಾಯಿತು’ ಅಂದರೆ ನನಗೆ ಯಾಕೋ ರೈಲು ರದ್ದಾದ ಹಾಗೆ ಕೇಳುತ್ತದೆ.

ಮುಗಿದೂ ತೆರೆ ಕಾಣದ್ದಕ್ಕೆ ‘ಡಬ್ಬದಲ್ಲೇ ಉಳಿಯಿತು’ ಅನ್ನುವ ಮಾತಿದೆ. ನಟರೂ ಕಾರ್ಟೂನೂ ಬೆರೆತ ‘ಕಯೋಟಿ ವರ್ಸಸ್ ಆಕ್ಮಿ’ ಸಿದ್ಧವಾಗಿದ್ದರೂ, ತೆರಿಗೆ ಲೆಕ್ಕದಲ್ಲಿ ನಷ್ಟ ತೋರಿಸಲು ಅದನ್ನು ಬಿಡುಗಡೆ ಮಾಡುವುದಿಲ್ಲ ಎಂದು ವಾರ್ನರ್ ಬ್ರದರ್ಸ್ 2023ರ ನವೆಂಬರಿನಲ್ಲಿ ತೀರ್ಮಾನಿಸಿತ್ತು. ಜನ ಗಲಾಟೆ ಮಾಡಿದರು. 2025ರಲ್ಲಿ ಬೇರೆ ಕಂಪನಿ ಅದನ್ನು ಕೊಂಡಿತು. ರೀಲಿನ ಡಬ್ಬ ಈಗೆಲ್ಲಿದೆ ಅಂತ ಕೇಳಬೇಡಿ. ಡಬ್ಬ ಹೋದರೂ ಮಾತು ಉಳಿದಿದೆ.

ಕಷ್ಟ ಶುರುವಾಗುವುದು ಮೂರನೇ ಬಗೆಯಲ್ಲಿ. ಡಿಸ್ನಿಯಲ್ಲಿ ರಾಜರ್ ಆಲರ್ಸ್ 1994ರಲ್ಲಿ ‘ಕಿಂಗ್‌ಡಮ್ ಆಫ್ ದಿ ಸನ್’ ಶುರುಮಾಡಿದರು. ಇಂಕಾ ರಾಜನೂ ಅವನಂತೆಯೇ ಕಾಣುವ ಬಡವನೂ ಅದಲುಬದಲಾಗುವ ಗಂಭೀರ ಕಥೆ. ಇಂಗ್ಲಿಷ್ ಗಾಯಕ ಸ್ಟಿಂಗ್ ಹಾಡು ಬರೆದಿದ್ದರು. 1998ರಲ್ಲಿ ಆಲರ್ಸ್ ಹೊರಟರು. ಮಾರ್ಕ್ ಡಿಂಡಲ್ ಅದನ್ನೇ ತಮಾಷೆ ಚಿತ್ರ ಮಾಡಿದರು, ರಾಜ ಲಾಮಾ ಪ್ರಾಣಿಯಾದ. 2000ದ ಡಿಸೆಂಬರಿನಲ್ಲಿ ‘ದಿ ಎಂಪರರ್ಸ್ ನ್ಯೂ ಗ್ರೂವ್’ ಅಂತ ಬಂತು. ಇದನ್ನು ಕೈಬಿಟ್ಟರು ಅನ್ನೋ ಹಾಗಿಲ್ಲ, ಮುಗಿಸಿದರು ಅಂದರೆ ಅರ್ಧ ಸುಳ್ಳು. ಸದ್ಯಕ್ಕೆ ‘ಬಿಚ್ಚಿ ಹೊಲಿದ ಚಿತ್ರ’ ಅಂತ ಬರೆದಿದ್ದೇನೆ, ದರ್ಜಿ ಅಂಗಡಿಯ ಮಾತು. ಒಪ್ಪುತ್ತೀರಾ?

ಇದೇ ಚಿತ್ರದ ಕಷ್ಟಗಳನ್ನು ಸ್ಟಿಂಗ್ ಅವರ ಹೆಂಡತಿ ಟ್ರೂಡಿ ಸ್ಟೈಲರ್ ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರು ‘ದಿ ಸ್ವೆಟ್‌ಬಾಕ್ಸ್’. ವಾಲ್ಟ್ ಡಿಸ್ನಿ ಕಾಲದಲ್ಲಿ ಚಿತ್ರಕಾರರು ತಮ್ಮ ಕೆಲಸ ತೋರಿಸುತ್ತಿದ್ದ, ಗಾಳಿಯಾಡದ ಪುಟ್ಟ ಕೋಣೆಗೆ ಬಿದ್ದ ಹೆಸರು ಅದು. ಮೊದಲು ‘ಬೆವರು ಪೆಟ್ಟಿಗೆ’ ಅಂತ ಬರೆದೆ, ಯಾವುದೋ ವೈದ್ಯದ ಸಾಮಾನಿನ ಹಾಗಾಯಿತು. ಆಮೇಲೆ ಹೊಳೆಯಿತು: ಅಧಿಕಾರಿಗಳಿಗೆ ಬೆವರಿಳಿಸಿದ ಸಚಿವರು ಅಂತ ಪತ್ರಿಕೆಯಲ್ಲಿ ದಿನಾ ಓದುತ್ತೇವಲ್ಲ! ‘ಬೆವರಿಳಿಸುವ ಕೋಣೆ’. ಸೆಕೆಯೂ ಬಂತು, ಬೈಗುಳವೂ ಬಂತು.

ಈಗ ನಿಜವಾದ ಪ್ರಶ್ನೆ. ಇಂಗ್ಲಿಷಿನವರು ವರ್ಷಾನುಗಟ್ಟಲೆ ಮುಗಿಯದ ಚಿತ್ರವನ್ನು ನರಕದಲ್ಲಿದೆ ಅನ್ನುತ್ತಾರೆ. ನಮ್ಮಲ್ಲಿ ನರಕ ಅಂದರೆ ಪಾಪದ ಲೆಕ್ಕ. ತ್ರಿಶಂಕು ಅನ್ನೋಣವೆಂದರೆ ಅವನು ಸುಮ್ನೆ ತಲೆಕೆಳಗಾಗಿ ನೇತಾಡುತ್ತಾನೆ, ಇಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ. ಹಾಗಾಗಿ ‘ನೆನೆಗುದಿ’ ಕಡೆ ಬಂದೆ. ಪತ್ರಿಕೆಗಳಲ್ಲಿ ಅದು ನಿಂತ ಸೇತುವೆಗೆ, ಮುಗಿಯದ ಚರಂಡಿಗೆ ಮೀಸಲು, ಜಾಸ್ತಿ ‘ನನೆಗುದಿ’ ಅಂತಲೇ ಅಚ್ಚಾಗುತ್ತದೆ. ನನಗೆ ಅದು ‘ನೆನೆ’ ಮತ್ತು ‘ಕುದಿ’ ಸೇರಿದ ಪದವಾಗಿ ತೋರುತ್ತದೆ, ನೆನೆನೆನೆದು ಒಳಗೇ ಕುದಿಯುವುದು. ಹಾಗಿದ್ದರೆ ಸೇತುವೆಗಿಂತ ಇದು ಅನಿಮೇಷನ್ ನಿರ್ದೇಶಕ ರಿಚರ್ಡ್ ವಿಲಿಯಮ್ಸ್‌ಗೇ ಹೆಚ್ಚು ಹೊಂದುತ್ತದೆ, ಅಲ್ವಾ?

ಮುಲ್ಲಾ ನಸ್ರುದ್ದೀನನ ಕಥೆಗಳಿಂದ 1964ರಲ್ಲಿ ಶುರುವಾದ ಅವರ ಕೆಲಸ ಬರಬರುತ್ತಾ ‘ದಿ ಥೀಫ್ ಅಂಡ್ ದಿ ಕಾಬ್ಲರ್’ ಆಯಿತು. ಜಾಹೀರಾತು ಮಾಡಿ ದುಡಿದ ಹಣವನ್ನೆಲ್ಲ ಅದಕ್ಕೇ ಸುರಿದರು. 1992ರಲ್ಲಿ, ಇನ್ನು ಸುಮಾರು 15 ನಿಮಿಷದ ಚಿತ್ರ ಬಾಕಿ ಇದ್ದಾಗ, ಹಣ ಹಾಕಿದವರಿಗೆ ಜಾಮೀನು ನಿಂತಿದ್ದ ಕಂಪನಿ ಚಿತ್ರವನ್ನು ಅವರ ಕೈಯಿಂದ ಕಿತ್ತುಕೊಂಡಿತು. ಬೇರೆಯವರು ಹಾಡು ಸೇರಿಸಿ, ಕತ್ತರಿಸಿ 1993ರಲ್ಲಿ ಬಿಡುಗಡೆ ಮಾಡಿದರು. 1995ರಲ್ಲಿ ಅಮೆರಿಕದಲ್ಲಿ ಮತ್ತೊಂದು ಹೆಸರಲ್ಲಿ, ಮತ್ತಷ್ಟು ಕೆಟ್ಟು ಬಂತು.

ಅಂದರೆ ಚಿತ್ರ ಬಿಡುಗಡೆಯಾಗಿದೆ, ನಿಂತಿಲ್ಲ. ಆದರೂ ‘28 ವರ್ಷ ನೆನೆಗುದಿಗೆ ಬಿದ್ದ ಚಿತ್ರ’ ಅಂತ ಬರೆದರೆ ತಪ್ಪಾ? ಕೆಲಸ ಬಿಟ್ಟುಹೋದ ಚರಂಡಿಯೇ ಓದುಗರ ಕಣ್ಣ ಮುಂದೆ ಬರುತ್ತದೆಯೋ? ಕುದಿಯುವುದು ಮನುಷ್ಯ ಅಲ್ಲವೇ, ಹಾಗಾದರೆ ‘ವಿಲಿಯಮ್ಸ್ ನೆನೆಗುದಿಯಲ್ಲಿ ಕಳೆದ 28 ವರ್ಷ’ ಅನ್ನಬಹುದೋ? ನಿಮ್ಮೂರ ಕಡೆ ಈ ಪದವನ್ನು ಮನುಷ್ಯರ ಬಗ್ಗೆ ಯಾರಾದರೂ ಆಡಿದ್ದು ಕೇಳಿದ್ದರೆ ದಯವಿಟ್ಟು ಆ ವಾಕ್ಯವನ್ನು ಹಾಗೇ ಬರೆದು ಕಳಿಸಿ.